ರಾಣಿಪುರಂ ಗುಡ್ಡದಲ್ಲಿ ಕೈಕೊಟ್ಟ 750 ರೂಪಾಯಿ ಜಾಕೆಟ್

ಮಳೆಗಾಲದಲ್ಲಿ ಗುಡ್ಡ ಹತ್ತಲು ಕಡಿಮೆ ಬೆಲೆಯ ರೈನ್ ಜಾಕೆಟ್ ಹುಡುಕುತ್ತಿದ್ದೀರಾ? ಅಂಗಡಿಯಲ್ಲಿ ನೀರು ಹೊಯ್ದು ತೋರಿಸಿದರು ಅಂತ ನಂಬಬೇಡಿ. ನಾನು ನಂಬಿ ಕೆಟ್ಟೆ.

ಹೋದ ಜೂನಿನಲ್ಲಿ ಕಾಸರಗೋಡು ಪೇಟೆಯಲ್ಲಿ ತಗೊಂಡದ್ದು. ಅಂಗಡಿಯವರು ಜಾಕೆಟ್ಟನ್ನು ಮೇಜಿನ ಮೇಲೆ ಹರಡಿ ಬಾಟಲಿಯಿಂದ ನೀರು ಹೊಯ್ದರು. ಕೆಸುವಿನೆಲೆ ಮೇಲಿನ ಹಾಗೆ ಹನಿಗಳು ಉರುಳಿ ಬಿದ್ದವು. ನಾನು ಅಷ್ಟಕ್ಕೇ ಸೋತೆ. ಚೀಟಿಯಲ್ಲಿ 'ವಾಟರ್ ರೆಸಿಸ್ಟೆಂಟ್' (ನೀರನ್ನು ಸ್ವಲ್ಪ ಮಟ್ಟಿಗೆ ಮಾತ್ರ ತಡೆಯುವುದು) ಅಂತ ಇತ್ತು. ಅದನ್ನು ವಾಟರ್‌ಪ್ರೂಫ್ (ನೀರು ಒಳಗೆ ಬಿಡದ್ದು) ಅಂತಲೇ ಓದಿಕೊಂಡು 750 ರೂಪಾಯಿ ಕೊಟ್ಟೆ.

ಜುಲೈಯಲ್ಲಿ ಭಾವನ ಜೊತೆ ರಾಣಿಪುರಂಗೆ ಹೋದೆ. ಕಾಸರಗೋಡು ಜಿಲ್ಲೆಯ ಹೊಸದುರ್ಗದಿಂದ (ಕಾಞಂಗಾಡ್) ಪಾಣತ್ತೂರು ದಾರಿಯಲ್ಲಿ ಸಿಗುವ ಗುಡ್ಡ. ಕಾಡಿನೊಳಗೆ ಹತ್ತುವಾಗ ಮಳೆ ಜಿನುಗುತ್ತಿತ್ತು, ಜಾಕೆಟ್ ಚೆನ್ನಾಗಿಯೇ ತಡೆಯಿತು. ಜಂಬವನ್ನೂ ಕೊಚ್ಚಿಕೊಂಡೆ. ಮರ ಮುಗಿದು ಹುಲ್ಲುಗುಡ್ಡ ಶುರುವಾದದ್ದೇ ತಡ, ಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯಿತು. ಮೊದಲು ಹೆಗಲಲ್ಲಿ, ಬ್ಯಾಗಿನ ಪಟ್ಟಿ ಒತ್ತುವ ಜಾಗ ತಣ್ಣಗಾಯಿತು. ಆಮೇಲೆ ಜಿಪ್ಪಿನ ಒಳಗಿಂದ ಹೊಕ್ಕುಳವರೆಗೆ ನೀರಿನ ಗೆರೆ ಇಳಿಯಿತು. ಹತ್ತು ನಿಮಿಷದಲ್ಲಿ ಬನಿಯನ್ ಹಿಂಡುವ ಹಾಗಾಯಿತು. ಹಲ್ಲು ಕಟಕಟ. ಪ್ಲಾಸ್ಟಿಕ್ ಕೊಪ್ಪೆ ಹಾಕಿದ್ದ ಭಾವ, "ಎಂತ ಭಾವ, ತೋಟಕ್ಕೆ ಹೋಗುವ ಕೊಪ್ಪೆಯೇ ಸಾಕಿತ್ತಲ್ಲ?" ಅಂದ. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಾಲಿಗೆ ಜಿಗಣೆ ಬೇರೆ.

ಮನೆಗೆ ಬಂದು ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿ ಬಲ್ಬಿನೆದುರು ಹಿಡಿದೆ. ಹೆಗಲ ಹೊಲಿಗೆಯ ಉದ್ದಕ್ಕೂ ಸೂಜಿ ತೂತುಗಳು ಸಾಲಾಗಿ ಮಿನುಗಿದವು. ನೀರು ಬರದೆ ಇನ್ನೇನು! ಸರಿಯಾದ ಜಾಕೆಟ್ಟಿನಲ್ಲಿ ಆ ಹೊಲಿಗೆಗಳ ಮೇಲೆ ಒಳಗಿಂದ ಟೇಪು ಅಂಟಿಸಿರುತ್ತಾರೆ. ಬೆರಳಾಡಿಸಿದರೆ ಗೊತ್ತಾಗುತ್ತದೆ. ಕೆಲವರು ಹೆಗಲು, ಟೋಪಿಗೆ ಮಾತ್ರ ಟೇಪು ಹಾಕಿ ಕಂಕುಳಲ್ಲಿ ಬಿಟ್ಟಿರುತ್ತಾರೆ, ಅದನ್ನೂ ನೋಡಿ.

ಹನಿ ಉರುಳುವುದು ಬಟ್ಟೆಯ ಹೊರಮೈಗೆ ಬಳಿದ ತೆಳು ಲೇಪದಿಂದ. ಒಗೆದ ಹಾಗೆ, ಉಜ್ಜಿದ ಹಾಗೆ ಅದು ಸವೆಯುತ್ತದೆ. ನೀರನ್ನು ನಿಜವಾಗಿ ತಡೆಯುವುದು ಒಳಗಿನ ಪದರ. ಅದರ ಬಲವನ್ನು ಮಿಲ್ಲಿಮೀಟರಿನಲ್ಲಿ ಬರೆದಿರುತ್ತಾರೆ. 10,000 ಅಂತಿದ್ದರೆ, ಪರೀಕ್ಷೆಯಲ್ಲಿ ಅಷ್ಟು ಎತ್ತರದ, ಅಂದರೆ 10 ಮೀಟರ್ ನೀರಿನ ಒತ್ತಡವನ್ನು ಬಟ್ಟೆ ತಡೆದಿದೆ ಅಂತ ಅರ್ಥ. (ನಮ್ಮೂರಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಲೆಕ್ಕ ಬೇರೆ, ಇದು ಬೇರೆ. ನಾನೂ ಗೊಂದಲ ಮಾಡಿಕೊಂಡಿದ್ದೆ.) ಬ್ಯಾಗ್ ಹೊತ್ತು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಡೆಯುವವರಿಗೆ 5,000ಕ್ಕಿಂತ ಕಡಿಮೆಯದು ಬೇಡ ಅಂತ ನನ್ನ ಅಭಿಪ್ರಾಯ. ಸಂಖ್ಯೆಯೇ ಬರೆದಿಲ್ಲವಾ, ಅಲ್ಲೇ ಬಿಟ್ಟು ಬನ್ನಿ.

ಹಾಗಂತ ಬೈಕಿನವರ ದಪ್ಪ ರಬ್ಬರ್ ಕೋಟು ತಗೊಂಡು ಹತ್ತಬೇಡಿ. ಮಳೆ ಒಳಗೆ ಬಾರದು ನಿಜ, ಬೆವರು ಹೊರಗೆ ಹೋಗುವುದೂ ಇಲ್ಲ. ಕೊನೆಗೆ ಒದ್ದೆಯೇ. ಬೆವರಿನ ಹಬೆ ಹೊರಗೆ ಬಿಡಲು ಕಂಕುಳಲ್ಲಿ ಜಿಪ್ ಇರುವುದು ಸಿಕ್ಕಿದರೆ ಬಿಡಬೇಡಿ, ತಗೊಳ್ಳಿ.

ಜಾಕೆಟ್ ವಾಪಸ್ ಕೊಡಲು ಹೋಗಿದ್ದೆ. ಅಂಗಡಿಯವರು ಮಾತಾಡದೆ ಚೀಟಿಯ 'ರೆಸಿಸ್ಟೆಂಟ್' ಮೇಲೆ ಬೆರಳಿಟ್ಟರು. ಈಗ ಅದನ್ನು ಸ್ಕೂಟರಿನ ಸೀಟಿಗೆ ಹೊದಿಸುತ್ತೇನೆ. ಹೊಲಿಗೆ ಇದ್ದ ಕಡೆ ಸೀಟೂ ಒದ್ದೆ.