ಇಂಗ್ಲಿಷ್ ವಿರುದ್ಧ ಪದ: ನೋಟ್‌ಬುಕ್ಕೋ, ಆ್ಯಪ್ಪೋ, ಹಳೆ ಪೇಪರೋ?

ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಗೆ ಓದುತ್ತಿರುವ ಗಂಗಾವತಿಯ ಹುಡುಗ ಕೇಳಿದ್ದ: "ಅಣ್ಣಾ, ಆಂಟೊನಿಮ್ಸ್, ಅದೇ ವಿರುದ್ಧ ಪದಗಳು, ತಲೆಯಲ್ಲಿ ನಿಲ್ತಾನೇ ಇಲ್ಲ. ಯಾವುದರಲ್ಲಿ ಪ್ರಾಕ್ಟೀಸ್ ಮಾಡಲಿ?"

ಖರ್ಚು ದೊಡ್ಡ ಮಾತಲ್ಲ ತಮ್ಮಾ. ನೋಟ್‌ಬುಕ್, ಆ್ಯಪ್‌ಗೆ ಡೇಟಾ, ಹಳೆ ಪ್ರಶ್ನೆಪತ್ರಿಕೆಯ ಜೆರಾಕ್ಸ್, ಮೂರೂ ಕೈಗೆಟುಕುವಂಥವೇ.

ನೆನಪಿನ ಲೆಕ್ಕದಲ್ಲಿ ನನ್ನ ಓಟು ನೋಟ್‌ಬುಕ್ಕಿಗೆ. ಎಡಕ್ಕೆ 'ಬೆನೆವೊಲೆಂಟ್' (ಒಳಿತು ಬಯಸುವ), ಬಲಕ್ಕೆ 'ಮಲೆವೊಲೆಂಟ್' (ಕೇಡು ಬಯಸುವ) ಬರೆದು ನೋಡು. ಲ್ಯಾಟಿನ್‌ನಲ್ಲಿ 'ಬೆನೆ' ಅಂದರೆ ಒಳ್ಳೆಯದಾಗಿ, 'ಮಲೆ' ಅಂದರೆ ಕೆಟ್ಟದಾಗಿ. ಇಷ್ಟು ಗೊತ್ತಾದರೆ 'ಬೆನೆಫಿಟ್' ಕೂಡ ಅದೇ ಪುಟಕ್ಕೆ ಬಂದು ಕೂರುತ್ತದೆ. ಆ್ಯಪ್ ಎಷ್ಟೋ ಸಲ ಸುಮ್ನೆ ಹಸಿರು, ಕೆಂಪು ತೋರಿಸಿ ಮುಂದೆ ಓಡುತ್ತದೆ.

ಆದರೆ ಕೊಪ್ಪಳದ ಬಸ್ಸಿನಲ್ಲಿ ಒಂದು ಕೈಲಿ ಕಂಬಿ ಹಿಡಿದು ನಿಂತಾಗ ನೋಟ್‌ಬುಕ್ ಬಿಡಿಸೋಕಾಗುತ್ತಾ? ಅಲ್ಲಿ ಆ್ಯಪ್ಪೇ ಸರಿ. ನಿನ್ನೆ ಬರೆದ ಪದಗಳನ್ನು ತಿರುವಿ ಹಾಕಲು ಅದು ಸಾಕು. ರೀಲ್ಸ್ ಕಡೆ ಬೆರಳು ಜಾರದಿದ್ದರೆ!

ಪರೀಕ್ಷೆಯಲ್ಲಿ ನಮ್ಮನ್ನು ಬೀಳಿಸುವ ಗುಂಡಿಗಳು ಗೊತ್ತಾಗೋದು ಮಾತ್ರ ಹಳೆ ಪೇಪರಿನಲ್ಲಿ. ಟೈಯರ್-1ರಲ್ಲಿ, ಅಂದರೆ ಮೊದಲ ಹಂತದಲ್ಲಿ, ಇಂಗ್ಲಿಷ್‌ಗೆ 25 ಪ್ರಶ್ನೆ, ತಲಾ 2 ಅಂಕ, ತಪ್ಪಿಗೆ 0.50 ಕಡಿತ. 'ಫ್ರೂಗಲ್'ಗೆ (ಮಿತವಾಗಿ ಖರ್ಚು ಮಾಡುವ) ವಿರುದ್ಧ ಕೇಳಿದಾಗ ನಾನು ಅವಸರದಲ್ಲಿ 'ಥ್ರಿಫ್ಟಿ'ಗೆ ಟಿಕ್ ಹಾಕಿದ್ದೆ. ಅದು ಸಮಾನಾರ್ಥಕ! ಬೇಕಿದ್ದದ್ದು 'ಎಕ್ಸ್‌ಟ್ರಾವಗಂಟ್' (ದುಂದುವೆಚ್ಚದ). ಪದದ ಮೊದಲಿಗೆ 'ಇನ್' ಹತ್ತಿದ್ದೆಲ್ಲ ವಿರುದ್ಧ ಅಂದುಕೊಳ್ಳಬೇಡ. 'ಇನ್‌ವ್ಯಾಲ್ಯುಯಬಲ್' ಅಂದರೆ ಬೆಲೆಯೇ ಕಟ್ಟಲಾಗದ್ದು.

ಆರು ತಿಂಗಳಿದ್ದರೆ ನೋಟ್‌ಬುಕ್ಕಿನಿಂದ ಶುರು ಮಾಡು. ಕೆಲಸದ ನಡುವೆ ಓದುವವರಿಗೆ ಆ್ಯಪ್. ಇಪ್ಪತ್ತೇ ದಿನ ಉಳಿದಿದ್ದರೆ ಹೊಸ ಪದ ಬಿಡು, ಹಳೆ ಪೇಪರ್ ಹಿಡಿ.