ಮನೆಯಲ್ಲೇ ಲಿಥಿಯಂ ಬ್ಯಾಟರಿ ಪ್ಯಾಕ್ ಕಟ್ಟುವವರು ದಯವಿಟ್ಟು ಇದನ್ನು ಓದಿ

ನಮ್ಮ ಮನೆ ಸಾಗರ ಪೇಟೆಯಿಂದ ಸುಮಾರು ಒಳಗೆ. ಮಳೆಗಾಲ ಹಿಡಿಯಿತೆಂದರೆ ಕರೆಂಟಿಗೆ ಹೊತ್ತುಗೊತ್ತಿಲ್ಲ. ಕರೆಂಟ್ ಹೋದರೆ ವೈಫೈ ಹೋಯಿತು, ವೈಫೈ ಹೋದರೆ ಫೋನೂ ಇಲ್ಲ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅಜ್ಜಿಗೆ ಹುಷಾರಿಲ್ಲದ ದಿನಗಳಲ್ಲಿ ಇದು ಸಣ್ಣ ತೊಂದರೆಯಲ್ಲ. ಹೇಗೂ ಎಂಟನೇ ಕ್ಲಾಸಿನಿಂದ ಸೋಲ್ಡರಿಂಗ್ ಮಾಡುತ್ತಿದ್ದೇನೆ, ರೌಟರ್‌ಗೆ ಒಂದು ಬ್ಯಾಟರಿ ನಾನೇ ಕಟ್ಟೋಣ ಎಂದುಕೊಂಡೆ.

ರೌಟರ್‌ಗೆ 12 ವೋಲ್ಟ್ ಬೇಕು. 18650 ಎಂಬ ಉರುಟು ಲಿಥಿಯಂ ಸೆಲ್‌ಗಳು ಮೂರನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿದರೆ ಫುಲ್ ಚಾರ್ಜ್‌ಗೆ 12.6 ಆಗುತ್ತದೆ. ಆನ್‌ಲೈನ್‌ನಲ್ಲಿ ಹುಡುಕಿದಾಗ 9800 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿದ್ದ ಸೆಲ್‌ಗಳು ಅಗ್ಗಕ್ಕೆ ಸಿಕ್ಕವು. ಐದು ತರಿಸಿದೆ. ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ಬೇರೆ ಬೇರೆ ಕಾಯುವ ಬಿಎಂಎಸ್ ಬೋರ್ಡ್ ಬರಲು ಇನ್ನೂ ಒಂದು ವಾರ ಇತ್ತು. ಅಷ್ಟರಲ್ಲಿ ಮಳೆ ಜೋರಾಯಿತು. ಚಾರ್ಜರ್ 12.6 ವೋಲ್ಟಿಂದು, ಅದಕ್ಕಿಂತ ಮೇಲೆ ಹೋಗುವುದಿಲ್ಲವಲ್ಲ ಎಂದು ಬಿಎಂಎಸ್ ಇಲ್ಲದೆ ನೇರವಾಗಿ ಕೊಟ್ಟೆ.

ತಪ್ಪಿದ್ದು ಅಲ್ಲೇ. ಚಾರ್ಜರ್‌ಗೆ ಕಾಣುವುದು ಮೂರೂ ಸೆಲ್ ಸೇರಿದ ಮೊತ್ತ ಮಾತ್ರ. ಒಂದು ಸೆಲ್ ಸೊರಗಿದ್ದರೆ ಅದು ಬೇಗ ತುಂಬುತ್ತದೆ. ಉಳಿದೆರಡು ಇನ್ನೂ 4.0ದಲ್ಲಿ ಇರುವಾಗ ಅದು 4.6ಕ್ಕೆ ಹೋಗಿರಬಹುದು. ಕೂಡಿಸಿ ನೋಡಿ, ಆಗಲೂ 12.6ನೇ ಬರುತ್ತದೆ. ಒಂದು ಸೆಲ್ 4.2 ದಾಟಬಾರದು. ನಾನು ಪ್ಯಾಕಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು, 12.6 ಕಂಡು ಖುಷಿಪಟ್ಟಿದ್ದೆ. ನಡುವಿನ ಸೆಲ್ ಮುಟ್ಟಿದರೆ ಉಳಿದವಕ್ಕಿಂತ ಬೆಚ್ಚಗಿತ್ತು. ಚಾರ್ಜ್ ಆಗುವಾಗ ಹಾಗೇ ಇರುತ್ತದೆ ಎಂದುಕೊಂಡೆ. ಆ ಬಿಸಿಯನ್ನು ಸುಮ್ನೆ ಬಿಟ್ಟೆನಲ್ಲ, ಇವತ್ತಿಗೂ ನೋವಾಗುತ್ತದೆ.

ನಾಲ್ಕನೇ ರಾತ್ರಿ ಅಜ್ಜಿ ಎಬ್ಬಿಸಿದರು. “ಎಂತದೋ ಇದು ಘಾಟು?” ಜಗಲಿಗೆ ಬಂದರೆ ನೇಲ್ ಪಾಲಿಶ್ ತರಹದ ಸಿಹಿ ವಾಸನೆ, ರೌಟರ್ ಇಟ್ಟ ಹಲಗೆಯ ಮೇಲೆ ಬಿಳಿ ಹೊಗೆ. ಪ್ಲಗ್ ಕಿತ್ತೆ. ಅಷ್ಟರಲ್ಲಿ ಪಟ್ ಎಂದು ಒಂದು ಸೆಲ್ ಬಾಯಿ ಬಿಟ್ಟು, ಸುರುಸುರು ಬತ್ತಿಯ ಹಾಗೆ ಬೆಂಕಿ ಉಗುಳಿತು. ಮೇಲೆ ಮರದ ಅಟ್ಟ. ಅಟ್ಟದಲ್ಲಿ ಆ ವರ್ಷದ ಅಡಿಕೆ ಚೀಲಗಳು. ಅಪ್ಪಯ್ಯ ಸಲಿಕೆಯಲ್ಲಿ ಪ್ಯಾಕನ್ನು ಎತ್ತಿ ಮಳೆ ಸುರಿಯುತ್ತಿದ್ದ ಅಂಗಳಕ್ಕೆ ಎಸೆದರು. ಮುಗಿಯಿತು ಎಂದುಕೊಂಡರೆ, ಅರ್ಧ ಗಂಟೆ ಬಿಟ್ಟು ಇನ್ನೊಂದು ಸೆಲ್ ಅಲ್ಲೇ ಹೊತ್ತಿಕೊಂಡಿತು. ಅಪ್ಪಯ್ಯ ಬೈಯಲಿಲ್ಲ. ಬೆಳಗಾಗುವ ತನಕ ಜಗಲಿಯಲ್ಲೇ ಕೂತಿದ್ದರು.

ಮರುದಿನ ಉಳಿದ ಎರಡು ಸೆಲ್‌ಗಳನ್ನು ಸರಿಯಾಗಿ ನೋಡಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟರೆ 31 ಗ್ರಾಂ. ಒಳ್ಳೆಯ 18650 ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಸುಲಿದರೆ ಕೆಳಗೆ ಇನ್ನೊಂದು ಹಳೆಯ ಸಿಪ್ಪೆ, ಅದರ ಮೇಲೆ ಗೀರುಗಳು, ತುದಿಯಲ್ಲಿ ಹಿಂದೆ ಯಾರೋ ವೆಲ್ಡಿಂಗ್ ಮಾಡಿದ ಚುಕ್ಕೆಗಳು. ಯಾವುದೋ ಪ್ಯಾಕ್‌ನಿಂದ ಕಿತ್ತ ಸೆಲ್‌ಗೆ ಹೊಸ ಅಂಗಿ ತೊಡಿಸಿದ್ದರು. ಅಂಗಳದ ಕಲ್ಲಿನ ಮೇಲಿಟ್ಟು ಅರ್ಧ ಆಂಪಿಯರ್‌ನಲ್ಲಿ ಖಾಲಿ ಮಾಡಿ ನೋಡಿದೆ, ಎರಡು ಗಂಟೆಯೂ ಬರಲಿಲ್ಲ. ಅಂದರೆ 1000 ಎಂಎಎಚ್ ಕೂಡ ಇಲ್ಲ. ಈ ಅಳತೆಯ ಸೆಲ್‌ನಲ್ಲಿ ಒಳ್ಳೆಯ ಕಂಪನಿಯವೇ 3500ರ ಆಸುಪಾಸಿಗೆ ನಿಲ್ಲುತ್ತವೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಡಬ್ಬಿಯಲ್ಲಿ 9800 ಹಿಡಿಸುವುದಿಲ್ಲ. ಆ ಅಂಕಿ ಕಂಡರೆ ಮುಂದೆ ಓದುವುದೇ ಬೇಡ, ಬಿಟ್ಟುಬಿಡಿ.

ಇನ್ನೊಂದು ತಪ್ಪೂ ಇತ್ತು. ನಿಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡುವ ಬದಲು ಸೆಲ್‌ಗೆ ನೇರವಾಗಿ ವೈರ್ ಸೋಲ್ಡರ್ ಮಾಡಿದ್ದೆ. ಲೆಡ್ ಹಿಡಿಯುತ್ತಿಲ್ಲ ಎಂದು ಕಾದ ಐರನ್ನನ್ನು ತುಂಬಾ ಹೊತ್ತು ಒತ್ತಿದ್ದೆ. ಆ ಬಿಸಿಗೆ ಒಳಗಿನ ತೆಳು ಪ್ಲಾಸ್ಟಿಕ್ ಪದರ ಹಾಳಾಗಬಹುದು. ಪಟ್ಟಿ ವೆಲ್ಡ್ ಮಾಡಿಯೇ ಬಂದ ಸೆಲ್‌ಗಳು ಸಿಗುತ್ತವೆ, ಅವನ್ನೇ ಕೊಳ್ಳಿ. ಇಲ್ಲ, ಹೋಲ್ಡರ್ ಬಳಸಿ.

ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಸೆಲ್ ತೆಗೆಯುವ ಗೆಳೆಯರು ಶಿವಮೊಗ್ಗದಲ್ಲಿ ನನಗೇ ಕೆಲವರಿದ್ದಾರೆ. ಅವರಿಗೂ ಹೇಳಿದ್ದೇನೆ, 2 ವೋಲ್ಟಿಗಿಂತ ಕೆಳಗೆ ಬಿದ್ದ ಸೆಲ್ಲನ್ನು ಮತ್ತೆ ಎಬ್ಬಿಸಲು ಹೋಗಬೇಡಿ. ಒಳಗೆ ತಾಮ್ರ ಕರಗಿರಬಹುದು, ಚಾರ್ಜ್ ಮಾಡಿದಾಗ ಶಾರ್ಟ್ ಆಗಬಹುದು.

ನಿಮ್ಮ ಮನೆಯಲ್ಲಿ ಬಿಎಂಎಸ್ ಇಲ್ಲದ ಪ್ಯಾಕ್ ಇದ್ದರೆ ಇವತ್ತೇ ಚಾರ್ಜರ್ ತೆಗೆಯಿರಿ. ಒಂದೊಂದು ಸೆಲ್ಲನ್ನೂ ಬೇರೆ ಬೇರೆ ಅಳೆಯಿರಿ. ಬಿಎಂಎಸ್ ಹಾಕಿದ ಮೇಲೂ ರಾತ್ರಿ ಚಾರ್ಜ್‌ಗಿಟ್ಟು ಮಲಗಬೇಡಿ. ಮರದ ಹಲಗೆ, ಗೋಣಿಚೀಲ, ಅಡಿಕೆ ಸಿಪ್ಪೆಯ ಹತ್ತಿರವಂತೂ ಬೇಡವೇ ಬೇಡ. ಹೊಗೆ ಬಂದರೆ ಬಗ್ಗಿ ನೋಡಬೇಡಿ, ಅದು ವಿಷ. ಮೊದಲು ಮನೆಯವರನ್ನು ಹೊರಗೆ ಕಳಿಸಿ. ಅಪ್ಪಯ್ಯ ಸಲಿಕೆ ಹಿಡಿದು ಹೋದದ್ದು ನಮ್ಮ ಅದೃಷ್ಟಕ್ಕೆ ಸರಿಹೋಯಿತು, ನೀವು ಹಾಗೆ ಮಾಡಬೇಡಿ.

ಉಳಿದ ಎರಡು ಸೆಲ್‌ಗಳ ತುದಿಗೆ ಟೇಪ್ ಸುತ್ತಿ, ಮರಳು ತುಂಬಿದ ಕಬ್ಬಿಣದ ಡಬ್ಬದಲ್ಲಿ ಹಾಕಿ ಬಚ್ಚಲಿನ ಹಿಂದೆ ಇಟ್ಟಿದ್ದೇನೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು.