ಏಳೂವರೆ ಎಚ್‌ಪಿ ನಂಬಿ ಕೆಟ್ಟೆ: ಹಳೆ ಪರ್ಲಿನ್ ಮಷೀನ್ ಕೊಳ್ಳುವವರು ಓದಿ

ಪುಣೆ ಹತ್ತಿರದ ಭೋಸರಿ, ಚಾಕಣ ಕಡೆ ಹಳೆ ರೋಲ್ ಫಾರ್ಮಿಂಗ್ ಮಷೀನ್ (ಉಕ್ಕಿನ ಪಟ್ಟಿಯನ್ನು ರೋಲರ್‌ಗಳ ನಡುವೆ ಹಾಯಿಸಿ ಬಗ್ಗಿಸುವ ಯಂತ್ರ) ಹುಡುಕುತ್ತಿರುವ ನಮ್ಮೂರ ಕಡೆಯವರು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಕೊಡಿ. ನಾನು ಕೊಟ್ಟ ಮೇಲೆ ಕಲಿತೆ.

ನನ್ನದು ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಶೆಡ್. ಸಿ ಪರ್ಲಿನ್ ಮಾಡುತ್ತೇವೆ, ಅಂದರೆ ಚಾವಣಿಯ ಶೀಟು ಹೊರುವ ಸಿ ಆಕಾರದ ಉಕ್ಕಿನ ಅಡ್ಡಪಟ್ಟಿ. ಹೋದ ವರ್ಷ ಒಬ್ಬ ಡೀಲರ್ ಹತ್ತಿರ 14 ಸ್ಟ್ಯಾಂಡಿನ, ಅಂದರೆ 14 ಜೋಡಿ ರೋಲರ್‌ಗಳ ಹಳೆ ಮಷೀನ್ ತಗೊಂಡೆ. ಮೋಟರ್ ಏಳೂವರೆ ಎಚ್‌ಪಿ. "2 ಎಂಎಂ ದಪ್ಪದ ಪಟ್ಟಿ ಓಡುತ್ತಾ?" ಅಂತ ಕೇಳಿದೆ. "ಚಾಲ್ತಯ್ ಶೇಟ್, ಬಿಂದಾಸ್" (ಓಡುತ್ತೆ ಶೇಟ್, ಆರಾಮಾಗಿ) ಅಂದ. ಎರಡಡಿ ಪಟ್ಟಿಯೊಂದನ್ನು ಓಡಿಸಿಯೂ ತೋರಿಸಿದ. ನಾನು ಖುಷಿಯಾದೆ. ಎರಡಡಿ ಪಟ್ಟಿ ಒಂದು ಹೊತ್ತಿಗೆ ಎರಡು ಸ್ಟ್ಯಾಂಡಿನಲ್ಲಿ ಇರುತ್ತದೆ ಅಷ್ಟೆ. ಕಾಯಿಲ್, ಅಂದರೆ ಉದ್ದ ಪಟ್ಟಿಯ ಸುರುಳಿ, ಹಾಕಿದರೆ ಹದಿನಾಲ್ಕೂ ಒಟ್ಟಿಗೆ ಕಚ್ಚುತ್ತವೆ. ಇದು ಆಗ ತಲೆಗೆ ಹೊಳೆಯಲೇ ಇಲ್ಲ.

ಆರು ತಿಂಗಳು 1.6 ಎಂಎಂ ಮೆದು ಮಾಲು ಓಡಿಸಿದೆವು, ಏನೂ ತೊಂದರೆ ಇಲ್ಲ. ಆಮೇಲೆ ಚಾಕಣದಿಂದ ಸೋಲಾರ್ ಸ್ಟ್ರಕ್ಚರ್ ಆರ್ಡರ್ ಬಂತು. 2 ಎಂಎಂ, 350 ಗ್ರೇಡ್ (ಅಂಕಿ ದೊಡ್ಡದಾದಷ್ಟು ಉಕ್ಕು ಗಟ್ಟಿ). 0.4 ಎಂಎಂ ತಾನೇ ಜಾಸ್ತಿ ಅಂದುಕೊಂಡೆ. ಲೆಕ್ಕ ಹಾಗಿಲ್ಲ ನೋಡಿ. ಬಗ್ಗಿಸುವ ಬಲ ದಪ್ಪದ ವರ್ಗದ (ದಪ್ಪ × ದಪ್ಪ) ಪ್ರಕಾರ ಏರುತ್ತದೆ. 1.6ರಿಂದ 2ಕ್ಕೆ ಹೋದರೆ ಒಂದೂವರೆ ಪಟ್ಟು. ಮೇಲೆ 250 ಗ್ರೇಡ್ ಇದ್ದದ್ದು 350 ಆಯ್ತು, ಅದಕ್ಕೆ ಇನ್ನೊಂದು 1.4 ಪಟ್ಟು. ಎರಡೂ ಗುಣಿಸಿದರೆ ಎರಡು ಪಟ್ಟಿಗಿಂತ ಜಾಸ್ತಿ!

ಮೊದಲ ದಿನವೇ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ) ಟ್ರಿಪ್. ಹತ್ತು ನಿಮಿಷ ಬಿಟ್ಟು ಮತ್ತೆ ಟ್ರಿಪ್. ನಮ್ಮ ಹುಡುಗ ಇಂಡಿ ಕಡೆಯವನು, ಚುರುಕು. ಸ್ಕ್ರೂಡ್ರೈವರ್ ತಗೊಂಡು ರಿಲೇಯ ತಿರುಗಣೆಯನ್ನು 11 ಆಂಪಿಯರ್‌ನಿಂದ ಕೊನೆಗೆ, 15ಕ್ಕೆ ತಿರುಗಿಸಿದ. "ಈಗ ನೋಡ್ರಿ ಸಾವ್ಕಾರ್ರ, ನಿಲ್ಲಂಗಿಲ್ಲ" ಅಂದ. ನಿಲ್ಲಲಿಲ್ಲ ನಿಜ. ನಾನು ಪಕ್ಕದಲ್ಲೇ ನಿಂತು ನೋಡಿದೆ, ಬೇಡ ಅನ್ನಲಿಲ್ಲ. ಅವನನ್ನು ಬೈದು ಏನು ಪ್ರಯೋಜನ.

ನೇಮ್ ಪ್ಲೇಟಿನಲ್ಲಿ 5.5 ಕಿಲೋವ್ಯಾಟ್, 415 ವೋಲ್ಟ್, 11 ಆಂಪಿಯರ್ ಅಂತ ಸ್ಪಷ್ಟವಾಗಿ ಬರೆದಿತ್ತು. ಓಡುತ್ತಿದ್ದದ್ದು 15ರಲ್ಲಿ. ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು, ಮಷೀನ್ ಓಡ್ತಾ ಇತ್ತು. ವರ್ನಿಷ್ ಸುಟ್ಟ ವಾಸನೆ ಬಂತು. ಡಬ್ಬಿ ಬಿಟ್ಟು ಓಡುವಷ್ಟರಲ್ಲಿ ಮೋಟರ್ ಗುಂಯ್ ಅಂತ ನಿಂತಿತ್ತು. ಬಾಡಿಗೆ ಕೈ ಇಟ್ಟೆ, ಒಂದು ಕ್ಷಣ ತಡೆಯಲು ಆಗಲಿಲ್ಲ. ವೈಂಡಿಂಗ್ ಮಾಡುವವರು ನಮ್ಮ ಸಿಂದಗಿಯವರೇ. ಮುಚ್ಚಳ ತೆಗೆದು ಕರ್ರಗಾದ ತಂತಿ ಸುತ್ತು ತೋರಿಸಿ, "ಮೋಟರ್ ತಾನ ಸುಟ್ಟಿಲ್ರೀ, ನೀವ ಸುಟ್ಟೀರಿ" ಅಂದರು.

ಡ್ರೈವ್ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರಿನ ವೇಗ ಬದಲಿಸುವ ಪೆಟ್ಟಿಗೆ) ಹಾಕಿ ನಿಧಾನ ಓಡಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ಅದನ್ನು ಕೇಳಬೇಡಿ. ಡ್ರೈವಿನಲ್ಲಿ ಹರ್ಟ್ಸ್ ಇಳಿಸಿದರೆ ವೇಗ ಇಳಿಯುತ್ತದೆ, ಪಟ್ಟಿ ಬಗ್ಗಿಸಲು ಬೇಕಾದ ಟಾರ್ಕ್ (ತಿರುಗಿಸುವ ಬಲ) ಇಳಿಯಲ್ಲ. ಕರೆಂಟ್ ಅಷ್ಟೇ ಎಳೆಯುತ್ತದೆ. ಅದರ ಮೇಲೆ ಫ್ಯಾನು ಮೋಟರಿನ ಶಾಫ್ಟಿಗೇ ಇರುತ್ತದಲ್ವಾ, ಅದೂ ನಿಧಾನವಾಗಿ ಗಾಳಿ ಕಡಿಮೆಯಾಗುತ್ತದೆ. ನಿಧಾನ ಮಾಡುವುದಾದರೆ ಗೇರ್ ರೇಶಿಯೋ ಬದಲಿಸಿ ಮಾಡಬೇಕು, ಆಗ ಅದೇ ಮೋಟರಿನಿಂದ ಹೆಚ್ಚು ಟಾರ್ಕ್ ಸಿಗುತ್ತದೆ. ಆದರೆ ದಿನಕ್ಕೆ ಮೀಟರ್ ಲೆಕ್ಕ ಕಡಿಮೆ. ನನಗೆ ಡೆಲಿವರಿ ತಾರೀಖು ತಲೆ ಮೇಲೆ ಕೂತಿತ್ತು.

ಸಿಟ್ಟಿನಲ್ಲಿ 15 ಎಚ್‌ಪಿ ತಂದೆ. ಮೋಟರ್ ಬಾಡಿಯ ಅಳತೆ 132 ಫ್ರೇಮ್ ಹೋಗಿ 160 ಫ್ರೇಮ್ ಬಂತು, ಬೋಲ್ಟ್ ತೂತು ಕೂಡಲಿಲ್ಲ. ಶಾಫ್ಟ್ 38ರಿಂದ 42 ಎಂಎಂ, ಹಳೆ ಪುಲ್ಲಿ ಕೂರಲಿಲ್ಲ. ಪ್ಲೇಟ್ ವೆಲ್ಡ್ ಮಾಡಿ, ಪುಲ್ಲಿ ಬೋರ್ ಮಾಡಿಸಿ ಒಂದು ದಿನ ಹೋಯ್ತು. ಮೋಟರ್ ಲೆಕ್ಕಕ್ಕೆ ಸರಿಯೇ ಇತ್ತು. ಅದರ ಮುಂದಿನ ಗೇರ್ ಬಾಕ್ಸ್, ಚೈನ್ ಎಲ್ಲ ಏಳೂವರೆ ಎಚ್‌ಪಿಗೆ ಮಾಡಿದ್ದು. ಎರಡನೇ ವಾರ ಪಟ್ಟಿ ಅಡ್ಡ ಹೋಗಿ ಐದನೇ ಸ್ಟ್ಯಾಂಡಿನಲ್ಲಿ ಸಿಕ್ಕಿಬಿತ್ತು. ಹಳೆ ಮೋಟರ್ ಆಗಿದ್ದರೆ ಅಲ್ಲೇ ಸೋತು ನಿಲ್ಲುತ್ತಿತ್ತು. ಇದು ನಿಲ್ಲಲಿಲ್ಲ, ತಳ್ಳಿತು. ಚೈನ್ ಕಡಿದು ಗಾರ್ಡಿಗೆ ಬಡಿಯಿತು. ಗಾರ್ಡ್ ಇದ್ದದ್ದು ನಮ್ಮ ಪುಣ್ಯ. ಗೇರ್ ಬಾಕ್ಸಿನ ಹಲ್ಲೂ ಹೋಗಿತ್ತು. ಆಮೇಲೆ ಗೇರ್ ಬಾಕ್ಸ್, ಚೈನ್, ಸ್ಪ್ರಾಕೆಟ್ ಎಲ್ಲ ದಪ್ಪದ್ದು. ಮೋಟರಿಗಿಂತ ಅದಕ್ಕೇ ಜಾಸ್ತಿ ಬಿತ್ತು. ನಿಮ್ಮ ಕರೆಂಟ್ ಕನೆಕ್ಷನ್ನಿಗೆ ಮಂಜೂರಾದ ಲೋಡ್ ಕೂಡ ನೋಡಿಕೊಳ್ಳಿ, 20 ಕಿಲೋವ್ಯಾಟ್ ದಾಟಿದರೆ ಮಹಾವಿತರಣದ (ಮಹಾರಾಷ್ಟ್ರದ ವಿದ್ಯುತ್ ಕಂಪನಿ) ಬಿಲ್ಲಿನ ಲೆಕ್ಕವೇ ಬೇರೆ.

ಮಷೀನ್ ನೋಡಲು ಹೋಗುವಾಗ ನಿಮ್ಮದೇ ಕಾಯಿಲ್ ಒಯ್ಯಿರಿ. ನೀವು ಮುಂದೆ ಮಾಡಬಹುದಾದ ಅತಿ ದಪ್ಪ, ಅತಿ ಗಟ್ಟಿ ಮಾಲು. ಎಲ್ಲ ಸ್ಟ್ಯಾಂಡೂ ತುಂಬಿದ ಮೇಲೆ ಮೂರೂ ಫೇಸಿಗೆ ಟಾಂಗ್ ಟೆಸ್ಟರ್ (ವೈರಿಗೆ ಕಚ್ಚಿಸಿ ಆಂಪಿಯರ್ ಅಳೆಯುವ ಮೀಟರ್) ಹಿಡಿಯಿರಿ. ನೇಮ್ ಪ್ಲೇಟಿನ ಆಂಪಿಯರ್‌ಗಿಂತ ಸ್ವಲ್ಪವಾದರೂ ಕಡಿಮೆ ಇರಬೇಕು. ಅರ್ಧ ಗಂಟೆ ಓಡಿಸಿ ನೋಡಿ. ಕಾಯಿಲ್ ಹಾಕಲು ಡೀಲರ್ ಒಪ್ಪದಿದ್ದರೆ ಚಹಾ ಕುಡಿದು ಎದ್ದು ಬನ್ನಿ.

ಹೋದ ವಾರ ಅದೇ ಡೀಲರಿನ ಫೋಟೊ ವಾಟ್ಸಾಪಿನಲ್ಲಿ ಬಂತು. ಅದೇ ಥರದ ಮಷೀನ್, ಹಸಿರು ಬಣ್ಣ ಹೊಸದಾಗಿ ಬಳಿದಿದ್ದಾರೆ. ಕೆಳಗೆ ಬರೆದಿದೆ: 7.5 ಎಚ್‌ಪಿ, 2 ಎಂಎಂ ವರೆಗೆ.